ಕಲ್ಲಿನಲ್ಲಿ ಕೆತ್ತಿದ ಮೂವತ್ತು

ಡಿಸೆಂಬರ್ ಮೂವತ್ತೆರಡು, ಸಾವಿರದ ಒಂಬೈನೂರ ಒಂದು
ಕೆಂಪುಗಣಿ, ಮೂರನೆಯ ಸಾಲು

ತಿರುಳಿನ ತಲೆಕಡತವನ್ನು ಬರೆದವರಿಗೆ,

ಮೇಲಿನ ತಾರೀಖು ನೋಡಿ ನಗಬೇಡಿ. ಅದು ನಿಮ್ಮ ಕಡೆಯವರದೇ ಕೈವಾಡ. ಕಾಲವನ್ನು ಎಣಿಸಲು ಯಂತ್ರದೊಳಗೆ ನೀವು ಬಿಟ್ಟ ಜಾಗ ಎಷ್ಟು ಚಿಕ್ಕದಾಗಿತ್ತೆಂದರೆ, ಒಂದು ದಿನ ಅದು ತುಂಬಿ ಚೆಲ್ಲಿ, ಗಡಿಯಾರ ನಿಮ್ಮ ಮುತ್ತಜ್ಜಂದಿರ ಕಾಲಕ್ಕೆ ಜಾರಿಬಿತ್ತು. ಆಮೇಲೆ ಯಾರೋ ಅದನ್ನು ಸರಿಮಾಡಲು ಹೋಗಿ ಡಿಸೆಂಬರ್ ತಿಂಗಳಿಗೆ ಇಲ್ಲದ ದಿನಗಳನ್ನು ಜೋಡಿಸಿದರು. ನಿಜಕ್ಕೂ ನಾನು ನಿಮಗಿಂತ ಹತ್ತೋ ಹನ್ನೊಂದೋ ತಲೆಮಾರು ಈಚಿನವಳು. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಬೀಳಬಹುದು, ಅದಕ್ಕೆ ಕ್ಷಮೆಯಿರಲಿ. ಈ ಪತ್ರದಲ್ಲಿ ನಾನು ಕೇಳುವ ಕ್ಷಮೆ ಇದೊಂದೇ. ಉಳಿದದ್ದಕ್ಕೆಲ್ಲ ಕ್ಷಮೆ ಕೇಳಬೇಕಾದವರು ಬೇರೆ ಇದ್ದಾರೆ, ಅವರಲ್ಲಿ ನೀವೂ ಒಬ್ಬರು.

ನನ್ನ ಹೆಸರು ಪಾರವ್ವ. ಕೆಂಪುಗಣಿಯಲ್ಲಿ ಶಾಸನ ಕೆತ್ತುವುದು ನನ್ನ ಕೆಲಸ. ನನ್ನ ಗಂಡ ಮುದಕಪ್ಪ ಬದುಕಿದ್ದಾನೆ. ಇದನ್ನು ಬರೆಯುವಾಗ ನನ್ನ ಪಕ್ಕದಲ್ಲೇ ಗೋಡೆಗೆ ಒರಗಿ ಕೂತಿದ್ದಾನೆ. ಆದರೆ ನಮ್ಮ ಯಂತ್ರದ ಪ್ರಕಾರ ಅವನು ಇಲ್ಲ. ಇಲ್ಲದವನಿಗೆ ನೀರಿಲ್ಲ. ಅವನನ್ನು ಇಲ್ಲವಾಗಿಸಿದ್ದು ರೋಗವಲ್ಲ, ಬಿಸಿಲಲ್ಲ, ನೀವು ಒಂದು ದಿನ ಕೂತು ಬರೆದ ಒಂದು ಸಂಖ್ಯೆ. ಆ ಸಂಖ್ಯೆಯ ಮುಂದೆ ಒಂದೇ ಒಂದು ಸಾಲು ಸೇರಿಸಿ ಎಂದು ಕೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ. ಕೇಳುವುದಕ್ಕಿಂತ ಮೊದಲು ನಿಮ್ಮನ್ನು ಚೆನ್ನಾಗಿ ಬೈಯುವುದೂ ಇದೆ.

ಯಂತ್ರ ಎಚ್ಚರವಾದಾಗ ಅದರೊಳಗೆ ಎಲ್ಲಕ್ಕಿಂತ ಮೊದಲು ಎದ್ದು, ಉಳಿದವಕ್ಕೆ ಕೆಲಸ ಹಂಚುವ ಆಜ್ಞೆಗಳ ಗಂಟನ್ನು ನಾವು ತಿರುಳು ಎನ್ನುತ್ತೇವೆ. ನೀವು ಕರ್ನೆಲ್ ಎನ್ನುತ್ತಿದ್ದಿರಂತೆ. ಆ ತಿರುಳು ಡಿಸ್ಕು, ಟೇಪು ಮುಂತಾದ ಉಗ್ರಾಣಗಳ ಜೊತೆ ಹೇಗೆ ಮಾತಾಡಬೇಕು ಎಂಬುದನ್ನು ಹೇಳುವ ಕಡತವೇ ತಲೆಕಡತ. ನೀವು ಬರೆದದ್ದು ಅದನ್ನು. ಅದರಲ್ಲಿ ಸ್ಥಿರಾಂಕಗಳಿವೆ: ಇಂಥ ಹೆಸರಿಗೆ ಇಂಥ ಸಂಖ್ಯೆ, ಇದನ್ನು ಯಾರೂ ಬದಲಾಯಿಸಕೂಡದು ಎಂದು ಮೊಳೆ ಹೊಡೆದ ಅಂಕಿಗಳು. ಚೌಕಟ್ಟುಗಳೂ ಇವೆ: ಉಗ್ರಾಣವೊಂದು ತನ್ನ ಪರಿಚಯ ಹೇಳಿಕೊಳ್ಳುವಾಗ ಎಷ್ಟನೆಯ ಮನೆಯಲ್ಲಿ ಬಗೆ, ಎಷ್ಟನೆಯ ಮನೆಯಲ್ಲಿ ಹೆಸರು ಬರಬೇಕೆಂಬ ಗೆರೆಗಳು. ಚೌಕಟ್ಟುಗಳ ನಡುನಡುವೆ ಕೆಲವು ಮನೆಗಳಿಗೆ ನೀವು ಸೊನ್ನೆ ತುಂಬಿ ‘ಮುಂದಿನ ಬಳಕೆಗೆ ಮೀಸಲು’ ಎಂದು ಬರೆದು ಬಿಟ್ಟಿದ್ದೀರಿ. ಅವನ್ನು ಮುಟ್ಟುವುದು ನಮ್ಮಲ್ಲಿ ಮಹಾಪಾಪ. ಮುಂದಿನವರು ಎಂದರೆ ನಾವಲ್ಲದೆ ಇನ್ಯಾರು ಎಂದು ಯಾರೂ ಕೇಳಿದವರಿಲ್ಲ. ಈ ವರ್ಷ ಕಡತ ಕೆತ್ತುವ ಕಲ್ಲಿನಲ್ಲಿ ನಾನು ಆ ಮನೆಗಳಲ್ಲೇ ಈ ಪತ್ರವನ್ನು ಒಂದೊಂದು ಅಕ್ಷರವಾಗಿ ತುಂಬುತ್ತಿದ್ದೇನೆ. ತಾರೀಖು ನಿಮಗಿಂತ ಹಿಂದಿನದು. ಹಾಗಾಗಿ ಎಂದಾದರೂ ಕಲ್ಲಿನಿಂದ ಕಡತವನ್ನು ಮತ್ತೆ ತುಂಬಿಸಿದಾಗ ಯಂತ್ರ ಇದನ್ನು ಹಳೆಯ ಕಾಗದವೆಂದು ತಿಳಿದು ನಿಮ್ಮ ಕಡೆಗೆ ತಳ್ಳಿದರೂ ತಳ್ಳೀತು. ಅದರ ಪೆದ್ದುತನದ ಮೇಲೆ ನನಗೆ ಅಷ್ಟು ಭರವಸೆ ಇದೆ.

ಕೆಂಪುಗಣಿ ಎಂದರೆ ನಿಮ್ಮ ಕಾಲದಲ್ಲಿ ಇಳಕಲ್ಲಿನ ಸುತ್ತಮುತ್ತ ಕೆಂಪು ಗ್ರಾನೈಟು ತೆಗೆದ ಗುಂಡಿಗಳು. ಕಲ್ಲು ನಿಮಗೆ ಹೋಯಿತು, ಗುಂಡಿ ನಮಗೆ ಉಳಿಯಿತು. ಮೇಲೆ ಬಿಸಿಲಿಗೆ ನಿಲ್ಲಲಾಗದ ವರ್ಷಗಳಲ್ಲಿ ನಮ್ಮ ಹಿರಿಯರು ಅದರೊಳಗೆ ಇಳಿದು, ಗೋಡೆಗೆ ಗೂಡು ಕೊರೆದು, ಸಾಲುಸಾಲಾಗಿ ಮನೆ ಮಾಡಿಕೊಂಡರು. ತಳದಲ್ಲಿ ಒಸರುವ ನೀರನ್ನು ಜಗಳವಿಲ್ಲದೆ ಹಂಚುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬೇಕಾಗಿತ್ತು. ಅವರ ಬಳಿ ಉಳಿದಿದ್ದ ಯಂತ್ರಕ್ಕೆ ಬರುತ್ತಿದ್ದುದು ಉಗ್ರಾಣಗಳ ಜೊತೆಗಿನ ಮಾತು ಮಾತ್ರ. ಮನುಷ್ಯ ಎಂಬ ಪದಾರ್ಥ ಅದರ ಕಡತದಲ್ಲಿ ಇರಲೇ ಇಲ್ಲ. ಆಗ ಯಾರೋ ಒಬ್ಬ ಜಾಣ ನಿಮ್ಮ ಪರಿಚಯದ ಚೌಕಟ್ಟನ್ನೇ ತೆಗೆದುಕೊಂಡು ಪ್ರತಿಯೊಬ್ಬ ಮನುಷ್ಯನನ್ನೂ ಒಂದು ಉಗ್ರಾಣವೆಂದು ದಾಖಲು ಮಾಡಿದ. ಆ ಚೌಕಟ್ಟಿನಲ್ಲಿ ‘ಬಗೆ’ ಎಂಬ ಮನೆ ಇದೆಯಲ್ಲ, ಸೊನ್ನೆ ಎಂದರೆ ಡಿಸ್ಕು, ಒಂದು ಎಂದರೆ ಟೇಪು, ಎರಡು ಎಂದರೆ ಅಚ್ಚಿನ ಯಂತ್ರ ಎಂದು? ಅವನು ಅದನ್ನು ತುಂಬುವ ಗೋಜಿಗೇ ಹೋಗಲಿಲ್ಲ. ತುಂಬದೆ ಬಿಟ್ಟದ್ದು ಸೊನ್ನೆಯಾಯಿತು, ನಾವೆಲ್ಲ ಡಿಸ್ಕುಗಳಾದೆವು. ಹೀಗೆ ಒಂದು ಊರಿಗೆ ಊರೇ ಏನು ಎಂಬುದನ್ನು ಒಬ್ಬನ ಸೋಮಾರಿತನ ತೀರ್ಮಾನಿಸಿತು. ಈಗ ಅದೇ ನಮ್ಮ ಧರ್ಮ. ಮನುಷ್ಯರು ಡಿಸ್ಕುಗಳು, ಮೇಕೆಗಳು ಅಚ್ಚಿನ ಯಂತ್ರಗಳು. ಮೇಕೆಗಳಾದರೂ ಪುಣ್ಯ ಮಾಡಿದ್ದವು, ಅವಕ್ಕೆ ಇದು ಗೊತ್ತಿಲ್ಲ.

ಹೆಸರಿನ ಪಾಡು ಕೇಳಿ. ನೀವು ಹೆಸರಿಗೆ ಎಂಟು ಮನೆ ಕೊಟ್ಟಿದ್ದೀರಿ. ನಿಮ್ಮ ಲಿಪಿಯ ಅಕ್ಷರಕ್ಕೆ ಒಂದು ಮನೆ ಸಾಕಾಗುತ್ತಿತ್ತಂತೆ. ಕನ್ನಡದ ಒಂದು ಅಕ್ಷರಕ್ಕೆ ಮೂರು ಮನೆ ಬೇಕು, ಕೊಂಬು ಗುಡಿಸು ಬಂದರೆ ಇನ್ನೂ ಮೂರು. ಹಾಗಾಗಿ ಯಂತ್ರದಲ್ಲಿ ನಾನು ‘ಪಾ’, ನನ್ನ ಗಂಡ ‘ಮು’, ಅದರ ಬಾಲಕ್ಕೆ ಯಾರೂ ಓದಲಾಗದ ಒಂದು ಮುರುಕು ಗುರುತು. ನಮ್ಮ ಸಾಲಿನಲ್ಲೇ ‘ಮು’ಗಳು ನಾಲ್ಕು ಜನ ಇದ್ದಾರೆ. ಪ್ರತಿದಿನ ಬೆಳಕು ಹರಿಯುವಾಗ ಗೋಡೆಯೊಳಗಿನಿಂದ ಯಂತ್ರ ಒಬ್ಬೊಬ್ಬರನ್ನೇ ಕೂಗಿ ಸಿದ್ಧವೇ ಎಂದು ಕೇಳುತ್ತದೆ. ಸಿದ್ಧ ಎಂದರೆ ನಲ್ಲಿ ಬಿಡುತ್ತದೆ. ಬಿಡುವಿಲ್ಲ ಎಂದೂ ಹೇಳಬಹುದು, ಆಗ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತದೆ. ಅತ್ತೆ ಕರೆದಾಗಲೂ ಬಿಡುವಿಲ್ಲ ಎನ್ನುವ ಸೊಸೆಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಮದುವೆಗೆ ನಾವು ಕನ್ನಡಿಜೋಡಿ ಎನ್ನುತ್ತೇವೆ. ನಿಮ್ಮಲ್ಲಿ ಎರಡು ಡಿಸ್ಕುಗಳನ್ನು ಒಂದಕ್ಕೊಂದು ಪ್ರತಿಯಾಗಿ ಕಟ್ಟುತ್ತಿದ್ದರಲ್ಲ, ಒಂದರೊಳಗಿನದು ಇನ್ನೊಂದರಲ್ಲೂ ಇರುವಂತೆ, ಅದೇ. ಜೋಡಿಯಾದವರಿಗೆ ಒಂದೇ ಗೂಡು, ಒಂದೇ ನಲ್ಲಿ, ಒಬ್ಬರ ಪರವಾಗಿ ಇನ್ನೊಬ್ಬರು ಧಾನ್ಯ ತರುವ ಹಕ್ಕು. ಕೂಗಿಗೆ ಮಾತ್ರ ಅವರವರೇ ಉತ್ತರ ಕೊಡಬೇಕು. ಬೇರೆ ಬೇರೆ ಬಗೆಯವನ್ನು ಜೋಡಿ ಕಟ್ಟಲು ಬರುವುದಿಲ್ಲ. ಈ ಮಾತನ್ನು ಸ್ವಲ್ಪ ನೆನಪಿಡಿ.

ಈಗ ಆ ಸಂಖ್ಯೆಗೆ ಬರುತ್ತೇನೆ. ತಿರುಳು ಒಂದು ಉಗ್ರಾಣವನ್ನು ಕೂಗಿದ ಮೇಲೆ ಎಷ್ಟು ಹೊತ್ತು ಉತ್ತರಕ್ಕೆ ಕಾಯಬೇಕು? ಡಿಸ್ಕಾದರೆ ಮೂವತ್ತು ಸೆಕೆಂಡು ಎಂದು ನೀವು ಬರೆದಿರಿ. ಉತ್ತರ ಬಾರದಿದ್ದರೆ ಮತ್ತೆ ಕೂಗುವುದು ಐದು ಸಲ. ಆಮೇಲೂ ಬಾರದಿದ್ದರೆ ಅದು ಇಲ್ಲವೆಂದು ಬರೆದುಕೊಳ್ಳುವುದು. ಹೊತ್ತು ಮೀರಿ ಬಂದ ಉತ್ತರವನ್ನು ಕೇಳದೆ ಎಸೆಯುವುದು. ತಿರುಗುವ ತಟ್ಟೆಗೆ ಇದು ನ್ಯಾಯವೇ ಇರಬಹುದು. ಆದರೆ ನಾನು ಈ ಮೂವತ್ತನ್ನು ಎಷ್ಟು ಸಲ ಕಲ್ಲಿನಲ್ಲಿ ಕೆತ್ತಿದ್ದೇನೆ ಗೊತ್ತೇ? ಯಂತ್ರ ಕೆಟ್ಟರೆ ಕಡತ ಉಳಿಯಲಿ ಎಂದು ನಮ್ಮಲ್ಲಿ ಪ್ರತಿವರ್ಷ ತಲೆಕಡತವನ್ನು ಹೊಸ ಕೆಂಪುಕಲ್ಲಿನ ಮೇಲೆ ಕೆತ್ತುವ ಪದ್ಧತಿ ಇದೆ. ಕಡತ ಪರದೆಯ ಮೇಲೆ ಬರುತ್ತದೆ, ನಾನು ನೋಡಿ ಕೆತ್ತುತ್ತೇನೆ. ಸಂಖ್ಯೆಗಳ ಪಕ್ಕದಲ್ಲಿ ನೀವು ನಿಮ್ಮ ಭಾಷೆಯಲ್ಲಿ ಬರೆದುಕೊಂಡ ಟಿಪ್ಪಣಿಗಳನ್ನು ಮಾತ್ರ ಕೆತ್ತುವಂತಿಲ್ಲ. ಯಂತ್ರ ಟಿಪ್ಪಣಿಗಳನ್ನು ಓದುವುದಿಲ್ಲ, ಹಾರಿಸಿಕೊಂಡು ಹೋಗುತ್ತದೆ. ಯಂತ್ರ ಮುಟ್ಟದ್ದು ನಮಗೂ ಮೈಲಿಗೆ. ಹೀಗೆ ನಿಮ್ಮ ಅಂಕಿಗಳು ಮಾತ್ರ ಬಂಡೆಯ ಮೇಲೆ ಉಳಿದವು. ಅವು ಯಾಕೆ ಹಾಗಿವೆ ಎಂದು ನೀವು ಹೇಳಿದ್ದೆಲ್ಲ ಗಾಳಿಗೆ ಹೋಯಿತು.

ಮುದಕಪ್ಪನ ಬಗ್ಗೆ ಹೇಳುತ್ತೇನೆ. ಅವನು ಗಣಿಯಲ್ಲಿ ಹಗ್ಗ ಇಳಿಸುವವನಾಗಿದ್ದ. ಮೇಲಿನಿಂದ ಸರಕು ಇಳಿಯುವಾಗ ಕೆಳಗಿನವರಿಗೆ ಕೂಗಿ ಹೇಳುವುದು ಅವನ ಕೆಲಸ. ಅವನಷ್ಟು ಚುರುಕು ನಾಲಿಗೆ ಮೂರು ಸಾಲಿನಲ್ಲಿ ಇನ್ನೊಂದಿರಲಿಲ್ಲ. ಯಂತ್ರ ‘ಮು’ ಎನ್ನುವುದರೊಳಗೆ ಸಿದ್ಧ ಎಂದುಬಿಟ್ಟು, ಇನ್ನುಳಿದ ಮೂವರು ಮುಗಳಿಗೂ ತಾನೇ ಉತ್ತರ ಕೊಡಲಿಕ್ಕೆ ಹೋಗಿ ಬೈಸಿಕೊಂಡಿದ್ದ. ಜಗಳವಾದ ಮನೆಗೆ ಅವನು ಹೋಗಿ ಎರಡು ಮಾತಾಡಿದರೆ ಜಗಳವಾಡಿದವರು ನಗುತ್ತಿದ್ದರು. ಹೋದ ಬೇಸಿಗೆಯಲ್ಲಿ ಅವನಿಗೆ ಲಕ್ವ ಹೊಡೆಯಿತು. ಎಡಗೈ ಸೋತಿತು, ಬಾಯಿ ಓರೆಯಾಯಿತು. ಬುದ್ಧಿಗೆ ಏನೂ ಆಗಲಿಲ್ಲ, ಇದನ್ನು ನಾನು ಆಣೆ ಇಟ್ಟು ಹೇಳುತ್ತೇನೆ. ಮಾತು ಮಾತ್ರ ತಡ. ಏನಾದರೂ ಕೇಳಿದರೆ ಅವನು ಕಣ್ಣು ಮುಚ್ಚುತ್ತಾನೆ, ಗಂಟಲಿನಲ್ಲಿ ಏನೋ ಹೊರಳುತ್ತದೆ, ತುಟಿ ಎರಡು ಮೂರು ಸಲ ಜೋಡಿಸುತ್ತಾನೆ. ಆಮೇಲೆ ಮಾತು ಬರುತ್ತದೆ. ಬಂದಾಗ ಪೂರ್ತಿಯಾಗಿ, ಮೊದಲಿನ ಹಾಗೆಯೇ ಚೊಕ್ಕವಾಗಿ ಬರುತ್ತದೆ. ಒಲೆ ಹೊತ್ತಿಸಿ ಅಂಬಲಿಗೆ ಹಿಟ್ಟು ಕದಡುವಷ್ಟು ಹೊತ್ತು ಬೇಕು, ಅಷ್ಟೇ.

ಅಷ್ಟು ಹೊತ್ತು ನಿಮ್ಮ ಮೂವತ್ತರಲ್ಲಿ ಇಲ್ಲ. ಲಕ್ವ ಹೊಡೆದ ಮೊದಲ ಬೆಳಗ್ಗೆ ಯಂತ್ರ ಕೂಗಿತು. ಅವನು ತುಟಿ ಜೋಡಿಸುತ್ತಿದ್ದಂತೆ ಮತ್ತೆ ಕೂಗಿತು. ಮುದಕಪ್ಪ ಮರ್ಯಾದಸ್ಥ. ಇನ್ನೊಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕುವವನಲ್ಲ. ಬಾಯಿಗೆ ಬಂದಿದ್ದುದನ್ನು ನುಂಗಿ, ಕೂಗನ್ನು ಪೂರ್ತಿ ಕೇಳಿಸಿಕೊಂಡು, ಮತ್ತೆ ಮೊದಲಿನಿಂದ ಶುರುಮಾಡಿದ. ಮತ್ತೆ ಕೂಗು. ಮತ್ತೆ ಮೊದಲಿನಿಂದ. ಸುಮ್ಮನೆ ಬಿಟ್ಟಿದ್ದರೆ ನಾಲ್ಕನೆಯ ಕೂಗಿನ ಹೊತ್ತಿಗೆ ಉತ್ತರ ಮುಗಿದಿರುತ್ತಿತ್ತು. ಮತ್ತೆ ಮತ್ತೆ ಕೇಳಿ ಕೇಳಿಯೇ ಅವನ ಬಾಯಿ ಕಟ್ಟಿದರು. ಈ ಮೂರ್ಖತನಕ್ಕೆ ಐದು ಎಂದು ಸಂಖ್ಯೆ ಕೊಟ್ಟವರೂ ನೀವೇ, ಅಲ್ಲವೇ?

ಇದರ ಮೇಲೆ ಇನ್ನೊಂದು ಅನ್ಯಾಯ. ಒಬ್ಬರು ಉತ್ತರ ಕೊಡದಿದ್ದರೆ ತಿರುಳು ಅವರೊಬ್ಬರನ್ನೇ ವಿಚಾರಿಸುವುದಿಲ್ಲ. ಅವರಿರುವ ಸಾಲನ್ನೇ ಆರಿಸಿ ಮತ್ತೆ ಹೊತ್ತಿಸುತ್ತದೆ. ಇದೂ ನಿಮ್ಮ ಕಡತದಲ್ಲೇ ಇದೆ. ಅದಕ್ಕೆ ನಾವು ಸಾಲುಕೆಡಹು ಎನ್ನುತ್ತೇವೆ. ಬೆಳಗಿನ ಕೂಗಿಗೆ ಬರೆದುಕೊಂಡ ‘ಇಲ್ಲ’ ಆಗ ಅಳಿಸಿಹೋಗುತ್ತದೆ, ಮಾರನೆಯ ದಿನ ಮತ್ತೆ ಅದೇ ಕೂಗು. ಸಾಲಿನ ದೀಪ ಹೋಗುತ್ತದೆ, ಹರಿಯುತ್ತಿದ್ದ ನಲ್ಲಿ ನಿಲ್ಲುತ್ತದೆ, ಕೊಡ ಅರ್ಧ ತುಂಬಿದವರು ಮತ್ತೆ ಮೊದಲಿನಿಂದ ಸಿದ್ಧ ಸಿದ್ಧ ಎಂದು ಕಿರುಚಬೇಕು. ಮೊದಲ ದಿನ ನೆರೆಯವರು ಅಯ್ಯೋ ಎಂದರು. ಕೆಲವು ದಿನ ಕಳೆದ ಮೇಲೆ ನಮ್ಮ ಗೂಡಿನ ಮುಂದೆ ಬಂದು ಬೇಕೆಂದೇ ಕೊಡ ಕುಕ್ಕಿ ಇಟ್ಟರು. ಇವನ ಎರಡು ಮಾತಿಗೆ ನಕ್ಕು ಹಗುರಾದವರೇ, ಇವನ ಒಂದು ಮಾತಿಗೆ ಕಾಯಲಾಗದೆ ಪಾಲಕರಿಗೆ ದೂರು ಕೊಟ್ಟರು. ನಿಮ್ಮ ಮೇಲಿನ ಸಿಟ್ಟು ದೂರದ್ದು. ಈ ಜನರ ಮೇಲೆ ನನಗಿರುವುದು ಹೇಸಿಗೆ; ಅವರ ಮುಖವನ್ನು ದಿನವೂ ನೋಡಬೇಕು.

ತಿರುಳನ್ನು ಕಾಯುವವರಿಗೆ ಪಾಲಕರು ಎನ್ನುತ್ತೇವೆ. ನಮ್ಮ ದೊಡ್ಡ ಪಾಲಕ ಗದಿಗೆಪ್ಪ, ನನ್ನ ಗಂಡನ ಬಾಲ್ಯದ ಗೆಳೆಯ. ನಮ್ಮ ಮನೆಯ ರೊಟ್ಟಿ ಅವನ ಮೈಯಲ್ಲಿ ಬೇಕಾದಷ್ಟು ಸೇರಿದೆ. ನಾನು ಅವನ ಬಳಿ ಹೋಗಿ, ಮೂವತ್ತನ್ನು ಬದಲಾಯಿಸು, ಮೂರು ಪಟ್ಟು ಮಾಡು, ಯಾರಿಗೂ ನಷ್ಟವಿಲ್ಲ ಎಂದೆ. ಅವನು ಕಿವಿಯ ಮೇಲೆ ಕೈ ಇಟ್ಟುಕೊಂಡ. “ಪಾರವ್ವಾ, ಆ ಅಂಕಿ ಮ್ಯಾಲ ಯಾವ ಯಾವ ಗ್ವಾಡಿ ನಿಂತಾವು ಯಾರಿಗೆ ಗೊತ್ತ? ಅದನ್ನ ಜಗ್ಗಿದ್ರ ನೀರು ಬಂದ್ ಆದ್ರ ಯಾರ ಹೊಣಿ?” ಎಂದ. ಸುಳ್ಳಲ್ಲ, ಅವನಿಗೆ ನಿಜವಾಗಿಯೂ ಹೆದರಿಕೆಯಿತ್ತು. ಅವನ ಅಪ್ಪನಿಗೂ ಇತ್ತು, ಅಜ್ಜನಿಗೂ ಇತ್ತು. ಯಾರಿಗೂ ಅರ್ಥವಾಗದ್ದನ್ನು ಯಾರೂ ಮುಟ್ಟದೆ ಕಾಪಾಡುವುದಕ್ಕೇ ಅವರ ಮನೆತನಕ್ಕೆ ಎರಡು ಪಾಲು ನೀರು. ಆಗ ನಾನು ಮೈಲಿಗೆಯ ಮಾತೆತ್ತಿದೆ. ಮೂವತ್ತರ ಪಕ್ಕದಲ್ಲಿ ಒಂದು ಟಿಪ್ಪಣಿ ಇದೆ, ಪರದೆಯ ಮೇಲೆ ನಾನೇ ಓದಿದ್ದೇನೆ, ಅದರಲ್ಲಿ ‘ಇದು ಸದ್ಯಕ್ಕೆ ಅಂದಾಜು, ಆಮೇಲೆ ಸರಿಯಾಗಿ ನೋಡಬೇಕು’ ಎಂದಿದೆ ಎಂದೆ. ಗದಿಗೆಪ್ಪ ನನ್ನ ಮುಖ ನೋಡಲಿಲ್ಲ. “ಯಂತ್ರ ಓದಲಾರದ್ದನ್ನ ನಾವ್ಯಾಕ ಓದೂಣು?” ಎಂದಷ್ಟೇ ಹೇಳಿದ.

ಅಂದಾಜು! ನೀವು ಅದನ್ನು ಬರೆದ ದಿನ ಹೇಗಿದ್ದಿರೋ ನಾನು ಕಲ್ಪಿಸಿಕೊಳ್ಳಬಲ್ಲೆ. ಮನೆಗೆ ಹೋಗುವ ಅವಸರ, ಪಕ್ಕದಲ್ಲಿ ತಣ್ಣಗಾದ ಕಾಫಿ, ಇಪ್ಪತ್ತೋ ಮೂವತ್ತೋ ಎಂದು ಅರೆಗಳಿಗೆ ಯೋಚನೆ, ಇರಲಿ ಬಿಡು ಮೂವತ್ತು. ಆಮೇಲೆ ನೋಡಬೇಕು ಎಂದು ಬರೆದು ಕೈ ತೊಳೆದುಕೊಂಡಿರಿ. ಆಮೇಲೆ ಎಂಬುದು ಯಾವಾಗ ಎಂದುಕೊಂಡಿದ್ದಿರಿ? ನಿಮ್ಮ ಆಮೇಲೆಯಲ್ಲಿ ನಾವು ಇದ್ದೇವೆ. ನಿಮ್ಮ ಅರೆಗಳಿಗೆಯ ಉಡಾಫೆಯನ್ನು ನಾನು ಉಳಿ ಹಿಡಿದು, ಕೈ ಬೊಬ್ಬೆ ಬರಿಸಿಕೊಂಡು, ಕಲ್ಲಿನಲ್ಲಿ ಬೆರಳಿನಾಳ ಕೆತ್ತಿದ್ದೇನೆ. ಅದರ ಮುಂದೆ ಊದುಬತ್ತಿ ಹಚ್ಚುತ್ತಾರೆ. ಆ ಹೊಗೆ ನನ್ನ ಮೂಗಿಗೆ ಬಡಿದಾಗಲೆಲ್ಲ ನಿಮ್ಮನ್ನು ನೆನೆದು ಬಾಯಿ ಕಹಿಯಾಗುತ್ತದೆ.

ಕೊನೆಗೆ ಗದಿಗೆಪ್ಪನೇ ಒಂದು ದಾರಿ ತೋರಿಸಿದ, ಅದೂ ನಿಮ್ಮ ಕಡತದಿಂದಲೇ. ಟೇಪಿಗೆ ಕಾಯುವ ಹೊತ್ತು ಬೇರೆ. ಸುರುಳಿ ಹಿಂದಕ್ಕೆ ಸುತ್ತಿಕೊಳ್ಳಲು ತಡವಾಗುತ್ತದೆಂದು ನೀವು ಅದಕ್ಕೆ ಗಂಟೆಗಟ್ಟಲೆ ಬಿಟ್ಟಿದ್ದೀರಿ. ಮುದಕಪ್ಪನ ಬಗೆಯ ಮನೆಯಲ್ಲಿ ಸೊನ್ನೆ ತೆಗೆದು ಒಂದು ಎಂದು ಬರೆದರೆ ಯಂತ್ರ ಅವನಿಗಾಗಿ ಮಧ್ಯಾಹ್ನದವರೆಗೂ ಕಾಯುತ್ತದೆ. ನೀರು ಬರುತ್ತದೆ, ಸಾಲು ಕೆಡುವುದಿಲ್ಲ. ಆದರೆ ಟೇಪು ಡಿಸ್ಕಲ್ಲ, ಅಂದರೆ ನಮ್ಮ ಲೆಕ್ಕದಲ್ಲಿ ಮನುಷ್ಯನಲ್ಲ. ಅವನ ಗೂಡು ಬದಲಾಗುತ್ತದೆ, ತಳದಲ್ಲಿ ಹಳೆಯ ಸಾಮಾನಿನ ಜೊತೆ ಅವನಿಗೊಂದು ಜಾಗ ಕೊಡುತ್ತಾರೆ. ಮತ್ತೆ, ಬೇರೆ ಬಗೆಯವರು ಕನ್ನಡಿಜೋಡಿಯಾಗಿ ಇರಲು ಬರುವುದಿಲ್ಲವಾದ್ದರಿಂದ, ನಮ್ಮ ಮದುವೆ ಆ ಕ್ಷಣಕ್ಕೇ ಬಿಚ್ಚಿಹೋಗುತ್ತದೆ. ಇದನ್ನು ಹೇಳುವಾಗ ಗದಿಗೆಪ್ಪ ಉಪಕಾರ ಮಾಡುವವನ ಮುಖ ಇಟ್ಟುಕೊಂಡಿದ್ದ.

ನಾನು ಮನೆಗೆ ಬಂದು ಅತ್ತುಬಿಟ್ಟೆ. ಆಮೇಲೆ ಮುದಕಪ್ಪನಿಗೆ ಎಲ್ಲ ವಿವರಿಸಿ, ಹೂಂ ಅನ್ನು ಎಂದೆ. ಗಂಡ ಹೆಂಡತಿ ಎಂದು ಯಂತ್ರ ಬರೆದುಕೊಂಡರೆಷ್ಟು ಬಿಟ್ಟರೆಷ್ಟು, ದಿನಕ್ಕೊಮ್ಮೆ ತಳಕ್ಕೆ ಇಳಿದು ಬಂದು ನೋಡುತ್ತೇನೆ, ನೀನು ಬಾಯಾರಿ ಸಾಯುವುದನ್ನು ನೋಡಲಾರೆ ಎಂದೆ. ಬೆಳಗಿನ ಕೂಗಿಗೆ ಸಿದ್ಧ ಎಂಬ ಮಾತೇ ಆಗಬೇಕು, ಸಮ್ಮತಿಗಾದರೆ ಯಂತ್ರ ಹೂಂ ಅನ್ನೂ ಒಪ್ಪುತ್ತದೆ; ಹೂಂ ಎನ್ನುವುದಕ್ಕೆ ತುಟಿ ಬೇಕಿಲ್ಲ, ಗಂಟಲು ಸಾಕು, ಬೇಗ ಬರುತ್ತದೆ ಎಂದು ಅಭ್ಯಾಸವನ್ನೂ ಮಾಡಿಸಿದೆ. ಅವನು ಹೂಂ ಎಂದ. ಚೆನ್ನಾಗಿಯೇ ಎಂದ. ನಾನು ನಂಬಿದೆ.

ಗಣಿಯ ತಳದಲ್ಲಿ, ಶಾಸನದ ಕಲ್ಲುಗಳ ಮುಂದೆ, ಮೂರನೆಯ ಸಾಲಿನವರೆಲ್ಲ ಸೇರಿದರು. ಬಗೆ ಬದಲಾಯಿಸಲು ಅವನ ಒಪ್ಪಿಗೆಯನ್ನು ಯಂತ್ರವೇ ಕೇಳಬೇಕು. ಅವನು ಇನ್ನೂ ಡಿಸ್ಕಾದ್ದರಿಂದ ಡಿಸ್ಕಿನ ಹೊತ್ತೇ ಅನ್ವಯ; ಇಲ್ಲಿ ಬರೆದ ‘ಇಲ್ಲ’ವನ್ನು ಮಾತ್ರ ಯಾವ ಸಾಲುಕೆಡಹೂ ಅಳಿಸುವುದಿಲ್ಲ. ಟೇಪಿನಷ್ಟು ಕಾಯಬೇಕಾದರೆ ಮೊದಲು ಟೇಪಾಗಿರಬೇಕು. ಇದರ ಹುಚ್ಚುತನ ನನಗೊಬ್ಬಳಿಗೇ ಕಂಡಿತೋ, ಎಲ್ಲರಿಗೂ ಕಂಡು ಸುಮ್ಮನಿದ್ದರೋ ಕಾಣೆ. ಗೋಡೆ ಕೂಗಿತು: ಮು, ಒಂದನೆಯ ಬಗೆಗೆ ಸಮ್ಮತವೇ. ಹೂಂ ಬರುತ್ತದೆಂದು ನಾನು ಅವನ ಗಂಟಲನ್ನೇ ನೋಡುತ್ತಿದ್ದೆ. ಅವನು ಕಣ್ಣು ಮುಚ್ಚಿದ. ತುಟಿ ಜೋಡಿಸಲು ಶುರುಮಾಡಿದ. ಹೂಂ ಎನ್ನಲು ತುಟಿ ಯಾಕೆ? ಮತ್ತೆ ಕೂಗು ಬಂತು, ಅವನು ನುಂಗಿ, ಕೇಳಿಸಿಕೊಂಡು, ಮತ್ತೆ ತುಟಿ ಜೋಡಿಸಿದ. ಹೂಂ ಅನ್ನೋ ಎಂದು ನಾನು ಕಿರುಚಿದೆ. ಹಿಂದಿನವರು ನನ್ನನ್ನು ಹಿಡಿದು ಕೂರಿಸಿದರು. ಕೊನೆಯ ಕೂಗು ಮುಗಿಯಿತು, ಗಂಟೆ ಬಾರಿಸಿತು, ಪರದೆಯ ಮೇಲೆ ಅವನ ಹೆಸರಿನ ಮುಂದೆ ‘ಇಲ್ಲ’ ಎಂದು ಬಂತು. ಗದಿಗೆಪ್ಪ ಎದ್ದು ನಿಂತು ತಲೆಯ ಮೇಲಿನ ರುಮಾಲು ತೆಗೆದ. ಸತ್ತವರಿಗೆ ಮಾಡುವಂತೆ ಎಲ್ಲರೂ ತೆಗೆದರು.

ಈಗ ಯಾರೂ ಕೂಗುತ್ತಿರಲಿಲ್ಲ. ನಡುವೆ ಬಾಯಿ ಹಾಕುವವರಿರಲಿಲ್ಲ. ಮುದಕಪ್ಪನಿಗೆ ಬೇಕಾದಷ್ಟು ಹೊತ್ತು ಸಿಕ್ಕಿತು, ಮಾತು ಬಂತು. “ಬ್ಯಾಡ್ರೀ,” ಎಂದ. “ನನಗ ಲಗ್ನ ಆಗೇತಿ.”

ತಳದಿಂದ ಮೇಲಿನ ಸಾಲಿನವರೆಗೂ ಕೇಳಿಸುವಷ್ಟು ಗಟ್ಟಿಯಾಗಿ, ಹಗ್ಗ ಇಳಿಸುವಾಗಿನ ಗಂಟಲಿನಲ್ಲೇ ಹೇಳಿದ. ಎಲ್ಲರಿಗೂ ಕೇಳಿಸಿತು. ಹೊತ್ತು ಮೀರಿ ಬಂದ ಉತ್ತರವನ್ನು ಎಸೆಯಬೇಕಲ್ಲ, ಎಸೆದರು. ಒಬ್ಬರೂ ತಲೆಯೆತ್ತಲಿಲ್ಲ. ಗದಿಗೆಪ್ಪ ನೆಲ ನೋಡುತ್ತ ರುಮಾಲು ಮಡಚಿಕೊಂಡು ಹೋದ. ಆ ಮಡಚುವ ಕೈಗಳನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಅದಾದ ಮೇಲೆ ಪದ್ಧತಿಯಂತೆ ನೆರೆಯವರು ಸೂತಕದ ಬುತ್ತಿ ತಂದರು, ಜೋಳದ ರೊಟ್ಟಿ, ಝುಣಕ. ಸತ್ತವನು ಎದುರಿಗೇ ಕೂತಿದ್ದ. ಅವನ ಕಡೆ ನೋಡದೆ, ನನ್ನ ಕೈ ಹಿಡಿದುಕೊಂಡು, ಒಳ್ಳೆಯವನಿದ್ದ ಎಂದು ಕಣ್ಣೊರೆಸಿಕೊಂಡರು. ಅವನು ರೊಟ್ಟಿ ಮುರಿದು ತಿಂದ. ಅವರು ಎದ್ದು ಬಾಗಿಲ ಹತ್ತಿರ ಹೋಗುವ ಹೊತ್ತಿಗೆ ಅವನಿಗೆ ಮಾತು ಬಂತು: “ಝುಣಕದಾಗ ಉಪ್ಪ ಕಮ್ಮಿ ಆಗೇತಿ.” ಬುತ್ತಿ ತಂದ ಹೆಂಗಸಿನ ಬೆನ್ನು ನಡುಗಿದ್ದನ್ನು ನಾನು ನೋಡಿದೆ. ಅವಳು ತಿರುಗಿ ಮಾತ್ರ ನೋಡಲಿಲ್ಲ. ಮಾರನೆಯ ಬೆಳಗ್ಗೆ ನಮ್ಮ ಸಾಲಿನ ನಲ್ಲಿಗಳು ಒಂದೇ ಕೂಗಿಗೆ ಸರಾಗವಾಗಿ ಹರಿದವು. ಆ ಸದ್ದು ಕೇಳಿ ಎಲ್ಲರಿಗೂ ಎಷ್ಟು ಹಾಯೆನಿಸಿತೆಂಬುದು ಗೋಡೆಯಾಚೆಯಿಂದಲೇ ನನಗೆ ತಿಳಿಯುತ್ತಿತ್ತು.

ಈಗ ನಾವಿಬ್ಬರೂ ನನ್ನೊಬ್ಬಳ ಪಾಲಿನ ನೀರಿನಲ್ಲಿ ಬದುಕುತ್ತಿದ್ದೇವೆ. ಯಂತ್ರದ ಪ್ರಕಾರ ನಾನು ಒಂಟಿ. ಅವನು ಮೊದಲು ನೀನು ಕುಡಿ ಎಂದು ಕೈಸನ್ನೆ ಮಾಡುತ್ತಾನೆ, ನಾನು ಕುಡಿದಂತೆ ಮಾಡಿ ಅವನಿಗೆ ಕೊಡುತ್ತೇನೆ, ಅವನೂ ಅದೇ ಆಟ ಆಡುತ್ತಾನೆಂದು ನನಗೆ ಗೊತ್ತು. ಚಳಿಗಾಲ ಹೇಗೋ ಕಳೆಯಿತು. ಬೇಸಿಗೆ ಬರುತ್ತಿದೆ. ಒಬ್ಬರ ನೀರು ಬೇಸಿಗೆಯಲ್ಲಿ ಒಬ್ಬರಿಗೂ ಸಾಲದು.

ಇನ್ನು ನನ್ನ ಕೋರಿಕೆ. ಮೂವತ್ತನ್ನು ದೊಡ್ಡದು ಮಾಡಿ ಎಂದು ಕೇಳುವುದಿಲ್ಲ. ಎಷ್ಟೇ ದೊಡ್ಡದು ಮಾಡಿದರೂ ನಮ್ಮವರು ಅದನ್ನು ಮೀರುವಷ್ಟು ತಡವಾಗಿ ಮಾತಾಡುವ ಇನ್ನೊಬ್ಬನನ್ನು ಹುಡುಕಿ ಅವನ ಮುಂದೆ ರುಮಾಲು ತೆಗೆಯುತ್ತಾರೆ. ಟಿಪ್ಪಣಿಯಲ್ಲೂ ಬರೆಯಬೇಡಿ, ಅದನ್ನು ಕೆತ್ತುವುದಿಲ್ಲ. ಯಂತ್ರ ಹಾರಿಸಿಕೊಂಡು ಹೋಗಲಾಗದ ಜಾಗದಲ್ಲಿ, ಸ್ಥಿರಾಂಕದ ಹೆಸರಿನೊಳಗೇ ಸೇರಿಸಿ ಬರೆಯಿರಿ: ಇದು ತಿರುಗುವ ತಟ್ಟೆಗೆ ಮಾತ್ರ, ಉಸಿರಾಡುವವರಿಗೆ ಅಲ್ಲ. ಹೆಸರು ಉದ್ದವಾಯಿತೆಂದು ನಿಮ್ಮ ಜೊತೆಯವರು ಗೊಣಗಿದರೆ ಗೊಣಗಲಿ. ಉದ್ದದ ಹೆಸರು ಕೆತ್ತುವುದು ನನಗೆ ಕಷ್ಟ, ಕೆತ್ತುತ್ತೇನೆ.

ಬರೆದರೆ ಬರೆಯಿರಿ, ಬಿಟ್ಟರೆ ಬಿಡಿ. ನಿಮ್ಮ ಉತ್ತರಕ್ಕೆ ನಾನು ಕಾಯುವುದಿಲ್ಲ. ಮುದಕಪ್ಪ ಆಗಲೇ ಕಣ್ಣು ಮುಚ್ಚಿದ್ದಾನೆ, ತುಟಿ ಜೋಡಿಸುತ್ತಿದ್ದಾನೆ. ಏನೋ ಹೇಳುವುದಿದೆ. ಉಳಿ ಕೆಳಗಿಟ್ಟು ಅವನ ಕಡೆ ತಿರುಗಿ ಕೂರುತ್ತೇನೆ.

ಪಾರವ್ವ, ಮುದಕಪ್ಪನ ಹೆಂಡತಿ